ಮೀನಿನ ಮೈಮೇಲಿನ ಬಿಳಿ ಚುಕ್ಕೆ: ಒಂದು ರೋಗ ನಿದಾನದ ಚರಿತ್ರೆ

ಡಿಸೆಂಬರ್ ಬಂತೆಂದರೆ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ರಾತ್ರಿಯ ಉಷ್ಣತೆ 16 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇಳಿಯುತ್ತದೆ. ಹಂಪಾಪುರದಂತಹ ಊರಿನ ಶಾಲೆಯಲ್ಲಿ ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿಯೊಂದನ್ನಿಟ್ಟು ನಾಲ್ಕು ಚಿನ್ನದ ಮೀನುಗಳನ್ನು ಸಾಕಿದ್ದಾರೆ ಎಂದುಕೊಳ್ಳಿ. ಪಕ್ಕದ ಕಬಿನಿ ಜಲಾಶಯದ ಅಪಾರ ನೀರು ಒಂದು ರಾತ್ರಿಯ ಚಳಿಗೆ ಜಗ್ಗುವುದಿಲ್ಲ. ಪುಟ್ಟ ತೊಟ್ಟಿಯ ಕಥೆ ಬೇರೆ. ಗಾತ್ರ ಕಿರಿದಾದಷ್ಟೂ ಗಾತ್ರಕ್ಕೆ ಹೋಲಿಸಿದ ಮೇಲ್ಮೈ ಹಿರಿದಾಗುತ್ತದೆ, ಶಾಖ ಬೇಗ ಸೋರಿಹೋಗುತ್ತದೆ. ಹೀಗೆ ಹಠಾತ್ತನೆ ತಣಿದ ನೀರಿನಲ್ಲಿ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಕೆಲವೇ ದಿನಗಳಲ್ಲಿ ರೆಕ್ಕೆಯ ಮೇಲೆ, ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣಿಸುತ್ತವೆ. ಮೀನು ಕಲ್ಲಿಗೆ, ಗಾಜಿಗೆ ಮೈ ಉಜ್ಜುತ್ತದೆ. ಮೇಲಕ್ಕೆ ಬಂದು ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತದೆ. ವಾರ ಕಳೆಯುವುದರೊಳಗೆ ತೊಟ್ಟಿ ಖಾಲಿ!

ಮೀನು ಸಾಕುವವರು 'ಇಕ್' ಎಂದು ಚುಟುಕಾಗಿ ಕರೆಯುವ ಬಿಳಿ ಚುಕ್ಕೆ ರೋಗ ಇದೇ. ಇದರ ಕಾರಣವನ್ನು ಗುರುತಿಸಿ ಒಂದೂವರೆ ಶತಮಾನ ಕಳೆದಿದೆ. ಆದರೂ ತಪ್ಪು ಚಿಕಿತ್ಸೆಯಿಂದ ಸಾಯುವ ಮೀನುಗಳು ಇಂದಿಗೂ ಕಡಿಮೆಯಿಲ್ಲ. ರೋಗದ ಚರಿತ್ರೆಯನ್ನು ಓದಿದರೆ ಏಕೆಂಬುದು ತಿಳಿಯುತ್ತದೆ.

ಚೀನಾದಿಂದ ಹ್ಯಾಂಬರ್ಗ್‌ಗೆ

ಮೀನಿನ ಮೈಮೇಲಿನ ಬಿಳಿ ಚುಕ್ಕೆಗಳನ್ನು ಮೊದಲು ಬರೆದಿಟ್ಟವರು ಚೀನೀಯರು. ಸಾಂಗ್ ರಾಜಮನೆತನದ ಕಾಲದ (960-1279) ಬರಹವೊಂದರಲ್ಲಿ ಬಡಕಲಾಗಿ ಬಿಳಿ ಚುಕ್ಕೆಗಳನ್ನು ಹೊತ್ತ ಮೀನುಗಳ ಪ್ರಸ್ತಾಪವಿದೆ. ಆ ಚುಕ್ಕೆಗಳನ್ನು ಅವರು 'ಹೇನು' ಎಂದು ಕರೆದರು. ಮೇಪಲ್ ಮರದ ತೊಗಟೆಯನ್ನು ಮದ್ದಾಗಿ ಹೇಳಿದರು. ಗೆಂಡೆ ಮೀನುಗಳನ್ನೂ ಅವುಗಳ ಸಂಬಂಧಿಯಾದ ಚಿನ್ನದ ಮೀನನ್ನೂ ಕೊಳದಲ್ಲಿ ಒತ್ತೊತ್ತಾಗಿ ಸಾಕುತ್ತಿದ್ದ ನಾಡಿನಲ್ಲಿ ಈ ರೋಗ ಮೊದಲು ಕಣ್ಣಿಗೆ ಬಿದ್ದದ್ದು ಸಹಜವೇ. ರೋಗಕಾರಕ ಏಷ್ಯಾದ ಗೆಂಡೆಗಳ ಜೊತೆಯಲ್ಲೇ ಜಗತ್ತಿಗೆಲ್ಲ ಹರಡಿತು ಎಂಬುದು ಅನೇಕ ತಜ್ಞರ ಊಹೆ.

ಯುರೋಪಿನಲ್ಲಿ ಇದು ಸುದ್ದಿಯಾಗಲು ಗಾಜಿನ ತೊಟ್ಟಿ ಬರಬೇಕಾಯಿತು. ಲಂಡನ್ನಿನ ಮೃಗಾಲಯ 1853ರಲ್ಲಿ ಮತ್ಸ್ಯಾಗಾರವನ್ನು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಮೀನು ಸಾಕುವ ಗೀಳನ್ನು ಮನೆಮನೆಗೂ ಹರಡಿತು. ಹೊಳೆಯ ಮೀನಿಗೆ ಅಂಟಿದ ಜೀವಿಯನ್ನು ಯಾರು ನೋಡುತ್ತಾರೆ? ಗಾಜಿನ ಹಿಂದೆ, ಒಂದು ಗೇಣು ದೂರದಲ್ಲಿ, ದಿನವೂ ನೋಡುವ ಮೀನಿನ ಮೇಲೆ ಚುಕ್ಕೆ ಬಂದರೆ ಅದು ಕಂಡೇ ಕಾಣುತ್ತದೆ. ವೀಕ್ಷಣೆಗೆ ಅನುಕೂಲ ಒದಗಿದಾಗಲೇ ವಿಜ್ಞಾನದಲ್ಲಿ ಪ್ರಶ್ನೆ ಹುಟ್ಟುವುದು.

1869ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಫ್ರಾಂಜ್ ಹಿಲ್ಗೆಂಡಾರ್ಫ್ ಮತ್ತು ಪೌಲಿಕಿ ಎಂಬವರು ಸಿಹಿನೀರಿನ ಮೀನಿನ ಚರ್ಮದಲ್ಲಿ ಏಕಕೋಶ ಜೀವಿಯೊಂದನ್ನು ಕಂಡು ವರದಿ ಮಾಡಿದರು. ಏಳು ವರ್ಷಗಳ ನಂತರ, 1876ರಲ್ಲಿ, ಫ್ರಾನ್ಸಿನ ಫೂಕೆ ಈ ಜೀವಿಯನ್ನು ವಿವರವಾಗಿ ಬಣ್ಣಿಸಿ 'ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್' ಎಂದು ಹೆಸರಿಟ್ಟರು. ಉಚ್ಚರಿಸಲು ನಾಲಿಗೆ ತೊಡರುತ್ತದೆ, ಆದರೆ ಅರ್ಥ ಸೊಗಸಾಗಿದೆ: 'ಬಹುಸಂತಾನದ ಮೀನು ಹೇನು'. ಚೀನೀಯರು ಹೇನು ಎಂದದ್ದು ಫೂಕೆಗೆ ತಿಳಿದಿತ್ತೆಂದು ಭಾವಿಸಲು ಕಾರಣವಿಲ್ಲ. ಎರಡು ನಾಡಿನ ಕಣ್ಣುಗಳು ಒಂದೇ ಹೋಲಿಕೆಯನ್ನು ಕಂಡವು, ಅಷ್ಟೇ.

ಎಲ್ಲರೂ ಸರಿಯಾಗಿಯೇ ಕಂಡರೆಂದಲ್ಲ. 1884ರಲ್ಲಿ ಆಮ್‌ಸ್ಟರ್‌ಡಾಮ್‌ನ ಕೆರ್ಬರ್ಟ್ ಇದೇ ಜೀವಿಗೆ 'ಕ್ರೊಮ್ಯಾಟೊಫಾಗಸ್', ಅಂದರೆ 'ಬಣ್ಣ ತಿನ್ನುವುದು' ಎಂಬ ಇನ್ನೊಂದು ಹೆಸರನ್ನು ಕೊಟ್ಟರು. ನಾಮಕರಣದ ನಿಯಮದಂತೆ ಮೊದಲಿನ ಹೆಸರೇ ಉಳಿಯಿತು. ಆಮೇಲೆ 1893ರಲ್ಲಿ ಶಿಕಾಗೊ ನಗರದ ವಿಶ್ವಮೇಳ ಬಂತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಆ ಮೇಳದ ಸಂದರ್ಭದಲ್ಲೇ ಎಂಬುದು ನಮ್ಮ ಓದುಗರಿಗೆ ಗೊತ್ತು. ಅದೇ ಮೇಳದ ಮತ್ಸ್ಯಾಗಾರದ ಮೀನುಗಳಿಗೆ ಬಿಳಿ ಚುಕ್ಕೆ ತಗುಲಿತ್ತು; ಚಾರ್ಲ್ಸ್ ಸ್ಟೈಲ್ಸ್ ಅದನ್ನು ಪರೀಕ್ಷಿಸಿ ಅಮೆರಿಕದ ಮೀನುಗಾರಿಕೆ ಆಯೋಗಕ್ಕೆ ವರದಿ ಬರೆದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಕಣ್ಣಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ

ಈ ಜೀವಿಯ ಬಾಳಿನಲ್ಲಿ ಮೂರು ಘಟ್ಟಗಳಿವೆ. ನೀರಿನಲ್ಲಿ ಈಜಾಡುವ ಮರಿಯ ಉದ್ದ ಸುಮಾರು 0.03ರಿಂದ 0.05 ಮಿ.ಮೀ. ಮೈತುಂಬ ಇರುವ ಕೂದಲಿನಂತಹ ಲೋಮಾಂಗಗಳನ್ನು ಬಡಿಯುತ್ತ ಅದು ಮೀನನ್ನು ಹುಡುಕುತ್ತದೆ. ಎರಡು ದಿನಗಳೊಳಗೆ ಮೀನು ಸಿಗದಿದ್ದರೆ ಸಾಯುತ್ತದೆ. ಸಿಕ್ಕರೆ ಹೊರಚರ್ಮವನ್ನೋ ಕಿವಿರನ್ನೋ ಕೊರೆದು ಒಳಗೆ ಸೇರಿ, ಅಲ್ಲೇ ತಿರುಗುತ್ತ ಮೀನಿನ ಕೋಶಗಳನ್ನು ತಿಂದು ಬೆಳೆಯುತ್ತದೆ. ಇದು ಎರಡನೆಯ ಘಟ್ಟ. ನಮಗೆ ಬಿಳಿ ಚುಕ್ಕೆಯಾಗಿ ಕಾಣುವುದು ಇದೇ. ಬಲಿತ ಜೀವಿ ಚರ್ಮ ಹರಿದು ಹೊರಬಂದು, ತಳದ ಮರಳಿಗೋ ಗಿಡಕ್ಕೋ ಅಂಟಿಕೊಂಡು, ಲೋಳೆಯ ಕೋಶದೊಳಗೆ ಹುದುಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಸಾವಿರದವರೆಗೂ ಮರಿಗಳಾಗುತ್ತವೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಜೀವಿಯಿಂದ 500 ಮರಿ ಎಂದಿಟ್ಟುಕೊಂಡರೆ, ಎಲ್ಲವೂ ಬದುಕಿದರೆ, ಎರಡು ಸುತ್ತಿನಲ್ಲಿ ಎರಡೂವರೆ ಲಕ್ಷ! ಕೆರೆ ಹೊಳೆಗಳಲ್ಲಿ ಬಹುಪಾಲು ಮರಿಗಳು ಮೀನನ್ನು ಕಾಣದೆ ಸಾಯುತ್ತವೆ. ಇಪ್ಪತ್ತು ಲೀಟರಿನ ತೊಟ್ಟಿಯಲ್ಲಿ ಮೀನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಹೊಳೆಯಲ್ಲಿ ಅಷ್ಟಾಗಿ ತೊಂದರೆ ಕೊಡದ ಜೀವಿ ಮನೆಯೊಳಗೆ ಮಾರಿಯಾಗುವುದು ಇದರಿಂದಲೇ.

ಇನ್ನೊಂದು ಲೆಕ್ಕ ಬೆಳಕಿಗೆ ಸಂಬಂಧಿಸಿದ್ದು. ನಮ್ಮ ಬರಿಗಣ್ಣು 25 ಸೆಂ.ಮೀ. ದೂರದಿಂದ ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಅಂತರ ಸುಮಾರು 0.1 ಮಿ.ಮೀ. ಮರಿ ಅದರ ಅರ್ಧದಷ್ಟೂ ಇಲ್ಲ. 0.04 ಮಿ.ಮೀ. ಇದ್ದದ್ದು 0.8 ಮಿ.ಮೀ. ಆಗಲು ಉದ್ದ ಇಪ್ಪತ್ತು ಪಟ್ಟು, ಗಾತ್ರ ಎಂಟು ಸಾವಿರ ಪಟ್ಟು ಹೆಚ್ಚಬೇಕು. ಎಂದರೆ ಚುಕ್ಕೆ ಕಾಣಿಸಿಕೊಂಡ ದಿನ ರೋಗ ಶುರುವಾದ ದಿನವಲ್ಲ. ಪರಾವಲಂಬಿ ಉಂಡು ತೇಗುವ ದಿನ. ಚುಕ್ಕೆ ಬೆಳ್ಳಗೆ ಕಾಣುವುದೂ ಬಣ್ಣದಿಂದಲ್ಲ. ಕಣಗಳಿಂದ ಕಿಕ್ಕಿರಿದ ಕೋಶ ಎಲ್ಲ ತರಂಗದೂರಗಳ ಬೆಳಕನ್ನೂ ಚದರಿಸುತ್ತದೆ. ಮೋಡ ಬೆಳ್ಳಗಿರುವುದೂ ಪುಡಿ ಉಪ್ಪು ಬೆಳ್ಳಗಿರುವುದೂ ಹೀಗೆಯೇ.

ಹಾಗಾದರೆ ಬಿಳಿಯಾಗಿ ಕಂಡದ್ದೆಲ್ಲ ಇಕ್ ಹೌದೆ? ಅಲ್ಲ. ಮರಿ ಮಾಡುವ ಕಾಲದಲ್ಲಿ ಗಂಡು ಚಿನ್ನದ ಮೀನಿನ ಕಿವಿರ ಮುಚ್ಚಳದ ಮೇಲೆ ಸಾಲಾಗಿ ಬಿಳಿ ಗುಳ್ಳೆಗಳು ಏಳುತ್ತವೆ. ಅದು ಆರೋಗ್ಯದ ಲಕ್ಷಣ. ಅರಳೆಯಂತೆ ಕಂಡರೆ ಬೂಷ್ಟು. ಬಾಯಿ, ಬೆನ್ನಿನ ಮೇಲೆ ಬೂದು ಬಿಳಿಯ ತೇಪೆ ಇದ್ದರೆ 1922ರಲ್ಲಿ ಡೇವಿಸ್ ವರ್ಣಿಸಿದ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗವಿರಬಹುದು. ಚಿನ್ನದ ಪುಡಿ ಸಿಂಪಡಿಸಿದಂತಿದ್ದರೆ 'ವೆಲ್ವೆಟ್' ರೋಗ. ಹೂಕೋಸಿನ ಚೂರಿನಂತಹ ಗಂಟಿದ್ದರೆ ವೈರಸ್ಸಿನಿಂದಾಗುವ ಲಿಂಫೊಸಿಸ್ಟಿಸ್, ಅದಕ್ಕೆ ಮದ್ದಿಲ್ಲ. ಇಕ್ ಒಮ್ಮೊಮ್ಮೆ ಕಿವಿರಿನಲ್ಲಿ ಮಾತ್ರ ಇದ್ದು ಮೈಮೇಲೆ ಒಂದು ಚುಕ್ಕೆಯನ್ನೂ ತೋರಿಸದೆ ಮೀನನ್ನು ಕೊಲ್ಲುವುದುಂಟು. ಅನುಮಾನ ಪರಿಹಾರಕ್ಕೆ ನಮ್ಮ ಪ್ರೌಢಶಾಲೆಗಳಲ್ಲಿರುವ ಸಾಧಾರಣ ಸೂಕ್ಷ್ಮದರ್ಶಕ ಧಾರಾಳ ಸಾಕು. ಆಗತಾನೆ ಸತ್ತ ಮೀನಿನ ಮೈಮೇಲಿನ ಲೋಳೆಯನ್ನು ಮೆಲ್ಲಗೆ ಕೆರೆದು ಒಂದು ಹನಿ ನೀರಿನಲ್ಲಿ ನೋಡಿ. ನಿಧಾನವಾಗಿ ಉರುಳುವ ದುಂಡನೆಯ ಜೀವಿ, ಅದರೊಳಗೆ ಕುದುರೆ ಲಾಳದಂತೆ ಬಾಗಿದ ದೊಡ್ಡ ಕೋಶಕೇಂದ್ರ ಕಂಡರೆ ಇಕ್ ಖಚಿತ. ಪ್ಯಾರಮೀಸಿಯಂ ಚಿತ್ರವನ್ನೇ ವರ್ಷವರ್ಷವೂ ಬರೆಸುವ ಬದಲು ವಿದ್ಯಾರ್ಥಿಗಳಿಗೆ ಅದರ ಈ ದಾಯಾದಿಯನ್ನೊಮ್ಮೆ ತೋರಿಸಬಹುದು.

ಶಾಖ, ಬಣ್ಣ, ಉಪ್ಪು

ಚರ್ಮದೊಳಗೆ ಅವಿತ ಜೀವಿಗೆ ನೀರಿಗೆ ಹಾಕಿದ ಮದ್ದು ತಾಗುವುದಿಲ್ಲ. ತಳದ ಲೋಳೆಕೋಶವೂ ಬಹಳ ಮಟ್ಟಿಗೆ ಸುರಕ್ಷಿತ. ಮದ್ದಿಗೆ ಸಿಗುವುದು ಈಜಾಡುವ ಮರಿ ಮಾತ್ರ. ಈ ಒಂದು ಅಂಶವನ್ನು ಮರೆತು ಚುಕ್ಕೆ ಮಾಯವಾದ ಕೂಡಲೆ ಚಿಕಿತ್ಸೆ ನಿಲ್ಲಿಸುವವರೇ ಹೆಚ್ಚು. ಚುಕ್ಕೆ ಮಾಯವಾದದ್ದು ಜೀವಿ ಸತ್ತದ್ದರಿಂದಲ್ಲ, ಸಂತಾನಕ್ಕಾಗಿ ಕೆಳಗಿಳಿದದ್ದರಿಂದ!

ಸುತ್ತು ಪೂರೈಸಲು ಹಿಡಿಯುವ ಕಾಲವನ್ನು ಉಷ್ಣತೆ ನಿರ್ಧರಿಸುತ್ತದೆ. 25 ಡಿಗ್ರಿಯಲ್ಲಿ ಮೂರರಿಂದ ಆರು ದಿನ ಸಾಕು. 7 ಡಿಗ್ರಿಯಲ್ಲಿ ಒಂದು ತಿಂಗಳು ಮೀರುತ್ತದೆ. ಆದ್ದರಿಂದ ನೀರನ್ನು ಬೆಚ್ಚಗೆ ಮಾಡಿ ಸುತ್ತನ್ನು ಚುರುಕುಗೊಳಿಸಿ, ಮರಿಗಳನ್ನು ಬೇಗ ಹೊರಗೆಳೆದು ಕೊಲ್ಲುವುದು ಹಳೆಯ ಉಪಾಯ. ಇನ್ನೂ ಮುಂದೆ ಹೋಗಿ 30 ಡಿಗ್ರಿ ದಾಟಿಸಿದರೆ ರೋಗವೇ ನಿಲ್ಲುತ್ತದೆ ಎಂದು ಶೀತ ದೇಶದ ಅನುಭವ ಹೇಳಿತು. ನಮ್ಮ ಅಂಗಡಿಗಳಲ್ಲೂ ಈ ಸಲಹೆ ಸಿಗುತ್ತದೆ. ಅದನ್ನು ನಾನು ಪೂರ್ತಿ ಒಪ್ಪಲಾರೆ. 1910ರಲ್ಲೇ ಈ ಜೀವಿಯ ಬಗ್ಗೆ ಬರೆದಿದ್ದ ಜರ್ಮನ್ ವಿಜ್ಞಾನಿ ಬುಷ್‌ಕೀಲ್ ಮುಂದೆ ಜಾವಾ ದ್ವೀಪದಲ್ಲಿ ಕೆಲಸ ಮಾಡಿದರು. ಉಷ್ಣವಲಯದ ಜೀವಿ ಯುರೋಪಿನದಕ್ಕಿಂತ ಹೆಚ್ಚು ಶಾಖ ತಾಳುತ್ತದೆಂದು ಅವರು 1930ರ ದಶಕದಲ್ಲಿ ಬರೆದರು. 1976ರಲ್ಲಿ ನೈಗ್ರೆಲಿ ಮತ್ತು ಸಂಗಡಿಗರು, ಉಷ್ಣತೆಗೆ ಬೇರೆ ಬೇರೆ ರೀತಿ ಹೊಂದಿಕೊಂಡ ತಳಿಗಳು ಇದ್ದಾವೆಂದು ವಾದಿಸಿದರು. ಬರ್ಲಿನ್ನಿನಲ್ಲಿ ಸಾಯುವ ತಳಿ ಮೈಸೂರಿನಲ್ಲೂ ಸಾಯಬೇಕೆಂಬ ನಿಯಮವಿಲ್ಲ.

ಶಾಖಕ್ಕೆ ಇನ್ನೊಂದು ಬೆಲೆಯೂ ಇದೆ. ಸಮುದ್ರ ಮಟ್ಟದಲ್ಲಿ 20 ಡಿಗ್ರಿಯ ಸಿಹಿನೀರು ಲೀಟರಿಗೆ 9.1 ಮಿ.ಗ್ರಾಂ. ಆಕ್ಸಿಜನ್ ಕರಗಿಸಿಕೊಳ್ಳಬಲ್ಲದು, 30 ಡಿಗ್ರಿಯಲ್ಲಿ 7.6 ಮಿ.ಗ್ರಾಂ. ಮಾತ್ರ. ಹೆಗ್ಗಡದೇವನಕೋಟೆ ಸೀಮೆ ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವುದರಿಂದ ವಾಯುಭಾರ ಕಡಿಮೆ. ಅಲ್ಲಿ ಇದು 7ರ ಆಸುಪಾಸಿಗೆ ಬರುತ್ತದೆ. ಅತ್ತ ಬೆಚ್ಚಗಾದ ಮೀನಿಗೆ ಆಕ್ಸಿಜನ್ ಹೆಚ್ಚು ಬೇಕು, ಇತ್ತ ಕಿವಿರು ರೋಗದಿಂದ ಊದಿಕೊಂಡಿದೆ. ಗಾಳಿ ಊದುವ ಪಂಪು ಇಲ್ಲದೆ ಹೀಟರ್ ಹಾಕುವುದು ಮೀನನ್ನು ಉಸಿರುಗಟ್ಟಿಸಿದಂತೆ.

ಬಣ್ಣಗಳ ಸರದಿ ಬಂದದ್ದು ಆಮೇಲೆ. 1876ರಲ್ಲಿ, ಫೂಕೆ ಈ ಜೀವಿಗೆ ಹೆಸರಿಟ್ಟ ವರ್ಷವೇ, ಜರ್ಮನಿಯಲ್ಲಿ ಮಿಥಿಲೀನ್ ಬ್ಲೂ ತಯಾರಾಯಿತು. ಬಟ್ಟೆಗೆಂದು ಮಾಡಿದ ಅದು ಮಲೇರಿಯಕ್ಕೆ ಮದ್ದಾಯಿತು, ಮೀನಿಗೂ ಆಯಿತು. ಅದಕ್ಕಿಂತ ಪ್ರಬಲವಾದದ್ದು ಮ್ಯಾಲಕೈಟ್ ಗ್ರೀನ್. ಹೆಸರು ತಾಮ್ರದ ಹಸಿರು ಖನಿಜದ್ದು, ಆದರೆ ಇದರಲ್ಲಿ ತಾಮ್ರವಿಲ್ಲ. 1936ರಲ್ಲಿ ಅಮೆರಿಕದ ಫಾಸ್ಟರ್ ಮತ್ತು ವುಡ್‌ಬರಿ ಮೀನಿನ ಬೂಷ್ಟಿಗೆ ಇದನ್ನು ಸೂಚಿಸಿದರು. 1972ರಲ್ಲಿ ಲೆಟೊ ಮತ್ತು ಮೇಯರ್ ಇದಕ್ಕೆ ಫಾರ್ಮಲಿನ್ ಬೆರೆಸಿದರೆ ಇಕ್ ಜೀವಿಯ ಮೇಲೆ ಪರಿಣಾಮ ಬಹಳ ಹೆಚ್ಚುತ್ತದೆಂದು ತೋರಿಸಿದರು. ಜಗತ್ತಿನ ಮೀನು ಸಾಕಣೆಯಲ್ಲಿ ದಶಕಗಳ ಕಾಲ ಇದೇ ರಾಮಬಾಣ.

ಆದರೆ ಈ ಬಣ್ಣ ಒಂದು ಮೋಸ ಮಾಡುತ್ತದೆ. ಅದು ಸುಮಾರು 617 ನ್ಯಾನೊಮೀಟರ್ ಬಳಿಯ ಕೆಂಪು ಬೆಳಕನ್ನು ಹೀರುವುದರಿಂದ ನಮಗೆ ನೀಲಿ ಹಸಿರಾಗಿ ಕಾಣುತ್ತದೆ. ಮೀನಿನ ದೇಹ ಸೇರಿದ ಮೇಲೆ ಅಪಕರ್ಷಣೆಗೊಂಡು 'ಲ್ಯೂಕೊ' ಎಂಬ ವರ್ಣರಹಿತ ರೂಪ ತಾಳುತ್ತದೆ. ಬಣ್ಣ ಹೋಯಿತು, ವಸ್ತು ಹೋಗಲಿಲ್ಲ! ಕೊಬ್ಬಿನಲ್ಲಿ ಕರಗಿ ತಿಂಗಳುಗಟ್ಟಲೆ ಮಾಂಸದಲ್ಲಿ ಉಳಿಯುತ್ತದೆ. ಜೀವಕೋಶಗಳ ಆನುವಂಶಿಕ ವಸ್ತುವಿಗೆ ಹಾನಿ ಮಾಡೀತೆಂಬ ಸಂಶಯದಿಂದ ಅಮೆರಿಕವೂ ಯುರೋಪಿನ ಒಕ್ಕೂಟವೂ ತಿನ್ನುವ ಮೀನಿಗೆ ಇದರ ಬಳಕೆಯನ್ನು ಒಪ್ಪುವುದಿಲ್ಲ. ಮಾಂಸದಲ್ಲಿ ಇದರ ಲವಲೇಶವನ್ನೂ ಪತ್ತೆ ಹಚ್ಚಲು ಈಗ ರಾಶಿ ರೋಹಿತಮಾಪಕ ಬೇಕು. ಅಲಂಕಾರದ ಮೀನಿಗೆ ತಾನೆ ಎಂದು ಅಂಗಡಿಯವರು ಕೊಡಬಹುದು. ಆದರೆ ಆ ತೊಟ್ಟಿಯ ನೀರನ್ನು ರೋಹು, ಕಾಟ್ಲ ಬೆಳೆಯುವ ಕೆರೆಯ ಕಾಲುವೆಗೆ ಚೆಲ್ಲುವುದನ್ನು ಯಾರು ತಡೆಯುತ್ತಾರೆ? ಬರಿಗೈಯಲ್ಲಿ ಮುಟ್ಟಬಾರದ ಈ ಪುಡಿಯನ್ನೂ ಫಾರ್ಮಲಿನ್ನನ್ನೂ ಶಾಲೆಯೊಳಗೆ ತರಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಶಾಲೆಗೆ ಉಪ್ಪೇ ಸಾಕು. ಲೀಟರಿಗೆ ಒಂದರಿಂದ ಮೂರು ಗ್ರಾಂ ಅಡುಗೆ ಉಪ್ಪನ್ನು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿದರೆ ಚಿನ್ನದ ಮೀನು, ಮೋಲಿ, ಗಪ್ಪಿಗಳು ತಾಳಿಕೊಳ್ಳುತ್ತವೆ. ಪುಟ್ಟ ಮರಿಗೆ ಪರಾಸರಣದ ಒತ್ತಡ ತಡೆಯುವುದಿಲ್ಲ. ಹುರುಪೆಯಿಲ್ಲದ ಅಥವಾ ತೀರ ಸಣ್ಣ ಹುರುಪೆಯ ಮೀನುಗಳಿಗೆ ಪ್ರಮಾಣ ಕಡಿಮೆ ಇರಲಿ. 25 ಡಿಗ್ರಿಯ ಸುಮಾರಿನಲ್ಲಿ ಎರಡು ವಾರವಾದರೂ ಬಿಡದೆ ನಡೆಸಬೇಕು.

ಉಪ್ಪೂ ಬೇಡವೆನ್ನುವವರಿಗೆ ಎರಡು ಬಕೆಟ್ ಸಾಕು! ತಳಕ್ಕಿಳಿದ ಜೀವಿ 25 ಡಿಗ್ರಿಯಲ್ಲಿ ಮರಿಗಳನ್ನು ಹೊರಬಿಡಲು ಸುಮಾರು ಒಂದು ದಿನ ಬೇಕು. ಬೆಳಿಗ್ಗೆ ಸಂಜೆ ಮೀನನ್ನು ಒಂದು ಬಕೆಟ್ಟಿನಿಂದ ಅದೇ ಉಷ್ಣತೆಯ, ಕ್ಲೋರಿನ್ ಹೋದ ನೀರಿರುವ ಇನ್ನೊಂದಕ್ಕೆ ವರ್ಗಾಯಿಸಿ. ಖಾಲಿಯಾದದ್ದನ್ನು ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಿ ಪೂರ್ತಿ ಒಣಗಿಸಿ. ಒಣಗಿದ ಕೋಶ ಉಳಿಯುವುದಿಲ್ಲ. ಎಂಟು ಹತ್ತು ದಿನಗಳಲ್ಲಿ ಮೀನಿನ ಮೈಮೇಲಿದ್ದ ಜೀವಿಗಳೆಲ್ಲ ಕೆಳಗಿಳಿದು ಬಕೆಟ್ಟಿನ ಜೊತೆ ಒಣಗಿರುತ್ತವೆ. ಅಷ್ಟು ದಿನ ಮೀನಿಲ್ಲದೆ ಬೆಚ್ಚಗಿದ್ದ ತೊಟ್ಟಿಯಲ್ಲೂ ಮರಿಗಳು ಹಸಿದು ಸತ್ತಿರುತ್ತವೆ.

ಸಮುದ್ರದ ಚುಕ್ಕೆ

ಉಪ್ಪುನೀರಿನ ಮೀನಿಗೂ ಬಿಳಿ ಚುಕ್ಕೆ ಬರುತ್ತದೆ. 1930ರ ದಶಕದಲ್ಲಿ ಜಪಾನಿನ ಸಿಕಾಮ ಇದನ್ನು ವರದಿ ಮಾಡಿದರು. 1951ರಲ್ಲಿ ಲಂಡನ್ ಮೃಗಾಲಯದ ಮೀನುಗಳನ್ನು ಅಭ್ಯಸಿಸಿದ ಬ್ರೌನ್ 'ಕ್ರಿಪ್ಟೊಕಾರಿಯಾನ್ ಇರಿಟಾನ್ಸ್' ಎಂದು ಹೆಸರಿಟ್ಟರು. ನೋಟ ಒಂದೇ, ಬಾಳುವೆಯೂ ಬಹುಪಾಲು ಒಂದೇ, ವಂಶ ಮಾತ್ರ ಬೇರೆ. ಒಂದೇ ಬಗೆಯ ಜೀವನ ಎರಡು ಕುಲಗಳಲ್ಲಿ ಪ್ರತ್ಯೇಕವಾಗಿ ವಿಕಾಸಗೊಂಡಿದೆ. ಇದಕ್ಕೆ ತಾಮ್ರದ ಲವಣ ಮದ್ದು. ಲೀಟರಿಗೆ 0.15ರಿಂದ 0.2 ಮಿ.ಗ್ರಾಂ. ತಾಮ್ರ ಇರಬೇಕು, ಕಡಿಮೆಯಾದರೆ ನಿಷ್ಫಲ, ಹೆಚ್ಚಾದರೆ ಮೀನಿಗೇ ವಿಷ.

ಕರ್ನಾಟಕದ ಮಟ್ಟಿಗೆ 'ಬಿಳಿ ಚುಕ್ಕೆ' ಎಂಬ ಮಾತು ಮನೆಯ ತೊಟ್ಟಿಯಿಂದ ಹೊರಬಂದು ಜನರ ಜೀವನೋಪಾಯಕ್ಕೆ ತಟ್ಟಿದ್ದು ಕರಾವಳಿಯಲ್ಲಿ, ಅದೂ ಮೀನಿನ ಮೂಲಕವಲ್ಲ, ಸೀಗಡಿಯ ಮೂಲಕ. ಕುಮಟಾ ಸೀಮೆಯ ಅಘನಾಶಿನಿಯಂತಹ ಅಳಿವೆಗಳ ಅಂಚಿನ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಉಬ್ಬರದ ನೀರಿನೊಂದಿಗೆ ಬಂದ ಸೀಗಡಿ ಎಂಬುದು ಹಳೆಯ ಪದ್ಧತಿ. 1990ರ ದಶಕದ ಆರಂಭದಲ್ಲಿ ಹುಲಿ ಸೀಗಡಿಯ ಒತ್ತು ಸಾಕಣೆ ಭರದಿಂದ ಹಬ್ಬಿತು. 1992ರ ಸುಮಾರಿಗೆ ತೈವಾನ್ ಮತ್ತು ಚೀನಾದಲ್ಲಿ ಕಾಣಿಸಿಕೊಂಡ ಹೊಸ ರೋಗ 1994ರಲ್ಲಿ ಭಾರತಕ್ಕೆ ಬಂತು. ಚಿಪ್ಪಿನ ಒಳಮೈಯಲ್ಲಿ ಅರ್ಧದಿಂದ ಎರಡು ಮಿ.ಮೀ. ಅಗಲದ ಬಿಳಿ ಚುಕ್ಕೆ. ಮೂರರಿಂದ ಹತ್ತು ದಿನಗಳಲ್ಲಿ ಕೊಳದ ಸೀಗಡಿಯೆಲ್ಲ ಸಾಯಬಹುದು. ಸಾಲ ಮಾಡಿ ಕೊಳ ತೋಡಿದವರಿಗೆ ಇದು ಸಿಡಿಲು. 1996ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯ ಕರಾವಳಿಯ ಸೀಗಡಿ ಉದ್ಯಮದ ವಿರುದ್ಧ ಕೊಟ್ಟ ಪ್ರಸಿದ್ಧ ತೀರ್ಪೂ ಈ ವರ್ಷಗಳಲ್ಲೇ ಬಂದದ್ದು.

ಇಲ್ಲೂ ರೋಗ ನಿದಾನವೇ ಮೊದಲ ತೊಡಕು. ಸತ್ತ ಸೀಗಡಿಯಲ್ಲಿ ಬ್ಯಾಕ್ಟೀರಿಯಾಗಳು ಸಿಕ್ಕೇ ಸಿಗುತ್ತವೆ. ಅವೇ ಕಾರಣವೆಂದು ಕೊಳಕ್ಕೆ ಪ್ರತಿಜೈವಿಕ ಸುರಿದರೆ ದುಡ್ಡೂ ಹೋಯಿತು, ನೀರೂ ಕೆಟ್ಟಿತು. ಕ್ಷಾರತೆ ಹೆಚ್ಚಾದ ನೀರಿನಲ್ಲೂ, ಕೆಲವು ಬ್ಯಾಕ್ಟೀರಿಯಾಗಳಿಂದಲೂ ಚಿಪ್ಪಿನ ಮೇಲೆ ಚುಕ್ಕೆ ಮೂಡುವುದುಂಟು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಂಗಡಿಗರು ಪಶ್ಚಿಮ ಕರಾವಳಿಯ ರೋಗಪೀಡಿತ ಸೀಗಡಿಗಳ ಅಂಗಾಂಶಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಜೊತೆಜೊತೆಯಾಗಿ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದರು. ಈ ರೋಗದಲ್ಲಿ ಊದಿಕೊಂಡ ಕೋಶಕೇಂದ್ರಗಳು ವೈರಸ್ಸಿನ ಸುಳಿವು ಕೊಡುತ್ತವೆ. ಸುಮಾರು ಮೂರು ಲಕ್ಷ ಅಕ್ಷರಗಳ ಡಿಎನ್‌ಎ ಉಳ್ಳ ಈ ವೈರಸ್ಸನ್ನು ಪಾಲಿಮರೇಸ್ ಸರಪಳಿ ಕ್ರಿಯೆಯಿಂದ, ಅಂದರೆ ಪಿಸಿಆರ್ ವಿಧಾನದಿಂದ, ಚುಕ್ಕೆ ಮೂಡುವ ಮುನ್ನವೇ ಗುರುತಿಸಬಹುದು. ಆದರೆ ಪಿಸಿಆರ್ ಯಂತ್ರವನ್ನು ಕೊಳದ ಏರಿಗೆ ಹೊತ್ತೊಯ್ಯುವುದು ಹೇಗೆ? ಅದೇ ಕಾಲೇಜಿನ ಕೆ. ಎಂ. ಶಂಕರ್ ಮತ್ತು ಸಂಗಡಿಗರು ವೈರಸ್ಸಿಗೆ ಮಾತ್ರ ಅಂಟುವ ಪ್ರತಿಕಾಯಗಳನ್ನು ಬಳಸಿ, ಪೊರೆಯ ಮೇಲೆ ಬಣ್ಣದ ಚುಕ್ಕೆ ಮೂಡಿಸುವ ಸರಳ ಪರೀಕ್ಷೆಯನ್ನು ರೂಪಿಸಿ, 2008ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಚುಕ್ಕೆಯ ರೋಗವನ್ನು ಚುಕ್ಕೆಯಿಂದಲೇ ಹಿಡಿದಂತಾಯಿತು!

ಈ ವೈರಸ್ಸಿಗೆ ಇಂದಿಗೂ ಮದ್ದಿಲ್ಲ. ಪರೀಕ್ಷಿಸಿದ ಮರಿಯನ್ನೇ ಬಿತ್ತುವುದು, ನೀರು ಶುದ್ಧೀಕರಿಸುವುದು, ಏಡಿ ಬಾರದಂತೆ ಬೇಲಿ ಕಟ್ಟುವುದು ಇವೇ ದಾರಿಗಳು. 2009ರಿಂದ ರೋಗಮುಕ್ತ ತಳಿಯ ವನಾಮಿ ಸೀಗಡಿಯ ಸಾಕಣೆಗೆ ದೇಶದಲ್ಲಿ ಅನುಮತಿ ದೊರೆತು ಹುಲಿ ಸೀಗಡಿಯ ಬಹುಪಾಲು ಜಾಗವನ್ನು ಅದು ಆಕ್ರಮಿಸಿತು. ಅದಕ್ಕೂ ಈ ವೈರಸ್ಸು ತಗುಲಬಲ್ಲದು.

ಮತ್ತೆ ಸಿಹಿನೀರಿಗೆ

ಇಕ್ ಕಥೆ ಮುಗಿದಿಲ್ಲ. ಒಮ್ಮೆ ರೋಗ ಬಂದು ಬದುಕುಳಿದ ಮೀನು ಮತ್ತೆ ಸುಲಭವಾಗಿ ಅದಕ್ಕೆ ತುತ್ತಾಗದು. ಲೋಮಾಂಗಗಳ ಮೇಲಿನ ಪ್ರೋಟೀನಿಗೆ ಮೀನು ಪ್ರತಿಕಾಯ ತಯಾರಿಸಿ ಜೀವಿಯ ಈಜನ್ನೇ ನಿಲ್ಲಿಸುತ್ತದೆ. ಇದನ್ನು ಆಧರಿಸಿದ ಲಸಿಕೆಗಾಗಿ ದಶಕಗಳಿಂದ ಪ್ರಯತ್ನ ನಡೆದಿದೆ; ಮೀನಿಲ್ಲದೆ ಈ ಜೀವಿಯನ್ನು ಬೆಳೆಸಲಾಗದಿರುವುದು ದೊಡ್ಡ ಅಡ್ಡಿ. 2011ರಲ್ಲಿ ಇದರ ಜೀನೋಮ್ ಪ್ರಕಟವಾಯಿತು: ಸುಮಾರು ನಾಲ್ಕು ಕೋಟಿ ತೊಂಬತ್ತು ಲಕ್ಷ ಅಕ್ಷರಗಳು, ಎಂಟು ಸಾವಿರದಷ್ಟು ಜೀನುಗಳು. ನಮ್ಮ ದೇಹದಲ್ಲಿ 'ಇಲ್ಲಿಗೆ ನಿಲ್ಲಿಸು' ಎನ್ನುವ ಮೂರು ಸಂಕೇತಗಳಲ್ಲಿ ಎರಡನ್ನು ಈ ಜೀವಿ ಗ್ಲುಟಾಮಿನ್ ಎಂದು ಓದಿಕೊಳ್ಳುತ್ತದೆ. ಆದ್ದರಿಂದ ಇದರ ಜೀನನ್ನು ಬ್ಯಾಕ್ಟೀರಿಯಾದೊಳಗಿಟ್ಟು ಲಸಿಕೆಯ ಪ್ರೋಟೀನನ್ನು ನೇರವಾಗಿ ತಯಾರಿಸಲಾಗದು. ಜೀನನ್ನು ಮೊದಲು ತಿದ್ದಿ ಬರೆಯಬೇಕು.

ಬದುಕುಳಿದ ಮೀನು ರೋಗವಾಹಕವೂ ಆಗಿರಬಹುದು. ಸಾಮಾನ್ಯ ಗೆಂಡೆಯ ಒಂದು ತಳಿ 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ಬಂತು; ಇನ್ನೊಂದು 1957ರಲ್ಲಿ ಬ್ಯಾಂಕಾಕಿನಿಂದ. ಅದೀಗ ನಮ್ಮ ಕೆರೆ ಜಲಾಶಯಗಳಲ್ಲಿ ನೆಲೆಯೂರಿದೆ. ಮೀನಿನ ಜೊತೆ ಏನೇನು ಬಂದಿತೆಂದು ಅಂದು ಸೂಕ್ಷ್ಮದರ್ಶಕದಲ್ಲಿ ನೋಡುವ ವಾಡಿಕೆ ಇರಲಿಲ್ಲ. ಬೇಸಿಗೆ ರಜಕ್ಕೆ ಮುನ್ನ ಶಾಲೆಯ ತೊಟ್ಟಿಯ ಮೀನುಗಳನ್ನು 'ಪಾಪ, ಬದುಕಿಕೊಳ್ಳಲಿ' ಎಂದು ಕಬಿನಿಗೋ ಊರ ಕೆರೆಗೋ ಬಿಡುವ ಉಪಾಧ್ಯಾಯ ಮಿತ್ರರು ಅವನ್ನು ಬಿಡದೆ ಯಾರಿಗಾದರೂ ಸಾಕಲು ಕೊಡುವುದು ಲೇಸು. ಹೊಸ ಮೀನು ತಂದಾಗಲೂ ಅಷ್ಟೇ: ಎರಡು ವಾರ ಬೇರೆ ತೊಟ್ಟಿಯಲ್ಲಿಟ್ಟು, ಅದಕ್ಕೇ ಪ್ರತ್ಯೇಕ ಬಲೆ ಬಳಸಿ, ಆಮೇಲೆ ಮಿಕ್ಕವುಗಳ ಜೊತೆ ಬಿಡಬೇಕು. 25 ಡಿಗ್ರಿಯಲ್ಲಿ ಎರಡು ವಾರವೆಂದರೆ ಈ ಜೀವಿಗೆ ಕನಿಷ್ಠ ಎರಡು ಸುತ್ತು. ಇದ್ದರೆ ಅಷ್ಟರೊಳಗೆ ಕಣ್ಣಿಗೆ ಬಿದ್ದಿರುತ್ತದೆ. ಚಳಿಗಾಲದಲ್ಲಿ ನೀರು 18 ಡಿಗ್ರಿಯಲ್ಲಿದ್ದರೆ ನಾಲ್ಕು ವಾರ ಇಡಿ.